‘ಎರಡು ಏನ್ರಿ?’ ಎನ್ನುತ್ತಿದ್ದ ಎಸ್ತೇರ್ ಟೀಚರ್

ಎಸ್ತೇರ್ ಟೀಚರ್ ಹತ್ತಿರ ಹೋಗಿ “ಎರಡು ಕೊಡ್ರಿ” ಅಂದರೆ ಅವರು ಕೊಡುತ್ತಿರಲಿಲ್ಲ. ಅವರ ಬಾಗಿಲ ಮುಂದೆ ಒಂದು ನಿಂಬೆ ಗಿಡವಿತ್ತು. ನಮ್ಮ ಓಣಿಯಲ್ಲಿ ಯಾರ ಮನೆಗೆ ಬೀಗರು ಬಂದರೂ ಹೆಂಗಸರು ಅಲ್ಲಿಗೇ ಓಡುತ್ತಿದ್ದರು. ಗಿಡದ ಕೆಳಗೆ ನಿಂತು, ಹಣ್ಣಿನ ಕಡೆಗೇ ಕೈ ಚಾಚಿ ಕೇಳಿದರೂ ಟೀಚರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಳ್ಳುವರು.

“ಎರಡು ಏನ್ರಿ? ಹಣ್ಣೋ, ಎಲಿಯೋ, ಮುಳ್ಳೋ?”

“ಹಣ್ಣ್ರೀ ಟೀಚರ್.”

“ಹಂಗ ಹೇಳ್ರಿ ಮತ್ತ. ಏನು ಅಂಬೋದು ಮೊದಲ, ಎಷ್ಟು ಅಂಬೋದು ಆಮ್ಯಾಲ.”

ಹೆಂಗಸರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಎರಡು ನಿಂಬೆಹಣ್ಣಿಗೆ ಇಷ್ಟು ಪಾಠ ಕೇಳುವುದಕ್ಕಿಂತ ಹುಣಸೆಹುಳಿ ಹಿಂಡಿಕೊಂಡು ಉಣ್ಣುವುದು ಮೇಲು ಅಂತ ಹೊಳ್ಳಿ ಮನೆಗೆ ಬರುತ್ತಿದ್ದೆ.

ಮೊದಲೇ ಹೇಳಿಬಿಡುತ್ತೇನೆ. ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬಾಯಲ್ಲಿ ‘ಅವರು’ ಅನ್ನುತ್ತಿದ್ದೆ, ಹೊಟ್ಟೆಯೊಳಗೆ ‘ಆಕಿ’ ಅನ್ನುತ್ತಿದ್ದೆ. ಈಗ ಅವರಿಲ್ಲ. ಹೋದವರ ಬಗ್ಗೆ ಒಳ್ಳೆಯದೇ ಮಾತಾಡಬೇಕು ಅಂತ ನಮ್ಮ ಪಾದ್ರಿಗಳು ಹೇಳುತ್ತಾರೆ. ಒಳ್ಳೆಯದನ್ನೂ ಹೇಳುತ್ತೇನೆ. ಕಿಚ್ಚನ್ನು ಬಿಟ್ಟು ಬರೀ ಒಳ್ಳೆಯದನ್ನೇ ಹೇಳಿದರೆ ಅದು ಒಂದೇ ಮಗ್ಗುಲು ಬೆಂದ ರೊಟ್ಟಿ.

ಟೀಚರ್ ಹುಟ್ಟಿದ್ದು ಹಲಬರ್ಗಾದಲ್ಲಿ, ಕೆಮಿಸ್ಟ್ರಿ ಕಲಿಸಿದ್ದು ಔರಾದದ ಒಂದು ಕಾಲೇಜಿನಲ್ಲಿ, ಇದ್ದದ್ದು ಬೀದರದಲ್ಲಿ, ಚರ್ಚಿನ ಹಿಂದಿನ ನಮ್ಮ ಓಣಿಯಲ್ಲಿ. ನೌಕರಿ ಇದ್ದಷ್ಟು ವರ್ಷ ಮುಂಜಾನೆ ಔರಾದದ ಬಸ್ಸು ಹತ್ತುವುದು, ಸಂಜೆ ಬಂದು ಇಳಿಯುವುದು. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ. ನಾನು ಒಮ್ಮೆ ಕೇಳಿದೆ. “ಬಸ್ಸಿನ ಟೈಮಿಗಿ ಹೊಂದಲಿಲ್ರಿ” ಅಂದರು.

ಎತ್ತರದ ಆಳು, ಒಣಗಿದ ಜೋಳದ ದಂಟಿನ ಹಾಗೆ. ಪಾದದಿಂದ ಮೇಲಕ್ಕೇರಿದ ನೂಲಿನ ಸೀರೆ, ಕೈಗೆ ಗಂಡಸರ ಗಡಿಯಾರ, ಬಿಸಿಲಿಗೂ ಮಳೆಗೂ ಒಂದೇ ಕರಿ ಛತ್ರಿ. ಕೂಸಿಗೂ ‘ರಿ’ ಹಚ್ಚಿ ಮಾತಾಡುವರು. ಬಾಗಿಲಿಗೆ ಅಡ್ಡ ಬಿದ್ದ ನಾಯಿಗೂ “ಏಳ್ರಿ, ದಾರಿ ಬಿಡ್ರಿ” ಅನ್ನುವರು. ನಾಯಿ ಏಳುತ್ತಿತ್ತು. ಚರ್ಚಿನಲ್ಲಿ ಎಲ್ಲರ ಹಾಡು ಒಂದು ದಾರಿ ಹಿಡಿದರೆ ಈಕೆಯದು ಇನ್ನೊಂದು ದಾರಿ, ಅದೂ ಗಟ್ಟಿ ದನಿಯಲ್ಲಿ. ಅಡಿಗೆ ಬರುತ್ತಿರಲಿಲ್ಲ. ಬದನೆಕಾಯಿ ಪಲ್ಯ ಮಾಡಿದರೆ ಅದು ಬದನೆಕಾಯಿ ಅಂತ ಅವರೇ ಬಾಯಿಬಿಟ್ಟು ಹೇಳಬೇಕು. ಯಾರನ್ನೂ ಹೊಗಳುತ್ತಿರಲಿಲ್ಲ. ಎಂಥ ಹುಡುಗರು ಎಂಥ ಲೆಕ್ಕ ಬಿಡಿಸಿ ತಂದರೂ “ನಡೀತದ” ಅಂತ ಒಂದೇ ಮಾತು.

ನಾನು ರೊಟ್ಟಿ ಬಡಿಯುವಾಕೆ. ಮದುವೆ ಮನೆ, ಖಾನಾವಳಿ, ಎಲ್ಲಿಂದ ಹೇಳಿ ಕಳಿಸಿದರೂ ಜೋಳದ ರೊಟ್ಟಿ, ಹಬ್ಬವಿದ್ದರೆ ಹೋಳಿಗೆ. ಚರ್ಚಿನ ಗೀತೆ ಪುಸ್ತಕವನ್ನು ಬೆರಳಿಟ್ಟು ಓದುವಷ್ಟು ಅಕ್ಷರ ಬರುತ್ತದೆ. ನನ್ನ ಮಗಳು ಹೈದರಾಬಾದಿನ ದವಾಖಾನೆಯಲ್ಲಿ ನರ್ಸು. ಅವಳ ಮಗಳು ಜ್ಯೋತಿಯನ್ನು ಹಾಲು ಬಿಡಿಸಿದಾಗಿನಿಂದ ಬೆಳೆಸಿದವಳು ನಾನು. ಆ ಕೂಸು ಮೊದಲು ಕಲಿತ ಮಾತು ‘ಅವ್ವ’ ಅಲ್ಲ, ‘ಆಯಿ’, ಅಂದರೆ ನಾನು. ಇದನ್ನು ನಾನು ಮಗಳ ಎದುರಿಗೂ ಹೇಳಿದ್ದೇನೆ. ಅವಳಿಗೆ ಕೇಳಿ ಸಂತೋಷವಾಗಲಿಲ್ಲ, ಆಗಲಿ ಅಂತ ನಾನು ಹೇಳಿರಲೂ ಇಲ್ಲ.

ಜ್ಯೋತಿ ಪಿಯುಸಿ ಎರಡನೇ ವರ್ಷದಲ್ಲಿ ಕೆಮಿಸ್ಟ್ರಿಯೊಂದರಲ್ಲಿ ಫೇಲಾದಳು. ಮಗಳು ಫೋನಿನಲ್ಲಿ ಕೂಗಾಡಿದಳು. “ಸಪ್ಲಿಮೆಂಟರಿದಾಗ ಪಾಸಾದ್ರ ಬೀದರದಾಗೇ ಫಾರ್ಮಸಿ ಓದಲಿ. ಇಲ್ಲಾಂದ್ರ ನಾ ಬಂದು ಕರ್ಕೊಂಡು ಹೋಗ್ತೇನಿ. ನೀ ಮುದ್ದು ಮಾಡಿ ಕೆಡಸಿದಿ.” ಅವಳು ಹೇಳಿದರೆ ಮಾಡುವವಳು, ನನ್ನ ಮಗಳಲ್ಲವೇ.

ಆ ಐತವಾರ ಚರ್ಚು ಮುಗಿದ ಮೇಲೆ ಎಸ್ತೇರ್ ಟೀಚರ್ ಛತ್ರಿ ಊರಿಕೊಂಡು ಬಂದು ಜ್ಯೋತಿಯ ಎದುರಿಗೆ ನಿಂತರು.

“ಯಾಕ ಫೇಲಾದ್ರಿ?”

ನಮ್ಮ ಹುಡುಗಿ ತಲೆ ತಗ್ಗಿಸಿ, “ಮೋಲ್ ತಿಳಿಯಂಗಿಲ್ರಿ” ಅಂದಳು.

“ಅದು ಮೊದಲನೇ ವರ್ಷದ ಪಾಠ. ಅದೇ ತಿಳಿಲಾರದ ಎರಡನೇ ವರ್ಷದ ದ್ರಾವಣ ಹ್ಯಾಂಗ ತಿಳೀತದ? ನಾಳಿಂದ ನಮ್ಮ ಮನಿಗಿ ಬರ್ರಿ.”

ಫೀಸು ಕೇಳಲಿಲ್ಲ. ಕೇಳಿದ್ದರೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಬಿಟ್ಟಿ ಕಲಿಸುವವರ ಹಂಗು ಕೊರಳಿಗೆ ಬೀಳುತ್ತದೆ. ಮನೆಗೆ ಬರುವಾಗ ದಾರಿಯಲ್ಲೇ ನನಗೆ ಗೊತ್ತಾಯಿತು: ಹುಡುಗಿ ಫೇಲಾದರೆ ತಾಯಿಯ ಪಾಲು, ಪಾಸಾದರೆ ಟೀಚರ ಪಾಲು. ನನ್ನ ಪಾಲಿಗೆ ಬೂದಿ.

ಹಾಗೇ ಆಗತೊಡಗಿತು. ಬೆಲ್ಲ ಹೆಚ್ಚು ಹಾಕಿದ ಚಹಾ ಇಲ್ಲದಿದ್ದರೆ ಮುಖ ತೊಳೆಯದ ಹುಡುಗಿ, “ಟೀಚರ್ ಬರೇ ಚಹಾ ಕುಡೀತಾರ” ಅಂತ ಕಹಿ ಚಹಾ ಕುಡಿಯಲು ಕಲಿತಳು. ಮುಖ ಕಿವುಚಿಕೊಂಡು ಕುಡಿಯುವಳು, ಆದರೂ ಕುಡಿಯುವಳು. ನಾನು “ಎರಡು ತಿನ್ನು” ಅಂತ ತಾಟಿಗೆ ರೊಟ್ಟಿ ನೀಡಿದರೆ “ಎರಡು ಏನು, ಆಯಿ?” ಅಂತ ಕೇಳುವಳು. “ಎರಡು ಲತ್ತಿ” ಅಂದೆ. ನಕ್ಕಳು. ಆ ನಗುವೂ ಟೀಚರದೇ, ಮೂಗಿನಿಂದ.

ನನಗೆ ತಡೆಯಲಾಗಲಿಲ್ಲ. ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಟೀಚರ ಮನೆಯ ಹೊಸ್ತಿಲಿಗೇ ಹೋಗಿ ಕೂತೆ. “ನಮ್ಮ ಮನ್ಯಾಗ ಬೆಳಕಿಲ್ರಿ, ಹಳ್ಳು ಕಾಣವಲ್ಲವು” ಅಂದೆ. ನಮ್ಮ ಅಂಗಳದಲ್ಲಿ ಬಿಸಿಲು ಕುಣಿಯುತ್ತಿತ್ತು. ಟೀಚರಿಗೂ ಅದು ಕಾಣುತ್ತಿತ್ತು. ಒಂದು ಚಾಪೆ ತಂದು ಹಾಕಿದರು. ಮರುದಿನ ನಾನು ಹೋಗುವುದರೊಳಗೆ ಚಾಪೆ ಹಾಸಿಯೇ ಇತ್ತು. ಹೀಗೆ ಇಡೀ ಬೇಸಿಗೆ ನಾನು ಬೇಳೆ ಆರಿಸುತ್ತ ಕೆಮಿಸ್ಟ್ರಿ ಕೇಳಿದೆ. ನಮ್ಮ ಮನೆಯ ಬೇಳೆ ಅಷ್ಟು ಸ್ವಚ್ಛ ಯಾವತ್ತೂ ಇರಲಿಲ್ಲ.

ಮೋಲ್ ಅಂದರೆ ಆರು ಬರೆದು ಮುಂದೆ ಇಪ್ಪತ್ಮೂರು ಸೊನ್ನೆ ಹಾಕಿದಷ್ಟು ಅಂತ ಟೀಚರ್ ಹೇಳುತ್ತಿದ್ದರು. ಹುಡುಗಿ ಬಾಯಿಪಾಠ ಒಪ್ಪಿಸುತ್ತಿದ್ದಳು. ಆದರೆ ಲೆಕ್ಕ ಕೊಟ್ಟರೆ ಬರೆದದ್ದನ್ನೇ ಮತ್ತೆ ಮತ್ತೆ ಹೊಡೆದು ಹಾಕುತ್ತಿದ್ದಳು. ಮೋಲ್ ಅಂಬುದು ತೂಕವೋ, ಅಳತೆಯೋ, ಮತ್ತೇನೋ ಅವಳಿಗೆ ತಿಳಿಯದು. ಇದೇ ಹೊತ್ತು ಅಂತ ನಾನು ಮನೆಗೆ ಬಂದು ನಮ್ಮ ಹಿತ್ತಾಳೆ ಸೇರನ್ನು ಅವಳ ಎದುರಿಗೆ ಕುಕ್ಕಿದೆ.

“ನೋಡು. ಜ್ವಾಳ ಹಾಕಿದ್ರೂ ಒಂದು ಸೇರು, ಕಡ್ಲಿ ಹಾಕಿದ್ರೂ ಒಂದು ಸೇರು. ಮೋಲ್ ಅಂದ್ರ ಇದ ನೋಡು. ಇಷ್ಟಕ್ಕ ಅಷ್ಟು ದಿನಾ ಬೇಕೇನು?”

ಹುಡುಗಿ ನನ್ನ ಕೊರಳಿಗೆ ಬಿದ್ದಳು. “ಆಯಿ, ಈಗ ತಿಳೀತು!” ಅವತ್ತು ಬಾಯಿ ತುಂಬ ಬೆಲ್ಲದ ಚಹಾ ಕುಡಿದಳು. ನಾನೂ ಕುಡಿದೆ.

ಮರುದಿನ ಟೀಚರ್ ಲೆಕ್ಕ ಕೊಟ್ಟರು. ಜ್ಯೋತಿ ಸರಸರ ಬರೆದು ತೋರಿಸಿದಳು. ಟೀಚರ್ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದರು.

“ಉಪ್ಪಿನ ಒಂದು ಮೋಲ್, ಸಕ್ಕರಿ ಒಂದು ಮೋಲ್, ಎರಡಕ್ಕೂ ಒಂದೇ ಅಳತಿ ಡಬ್ಬಿ ಬೇಕು ಅಂತ ಬರದೀರಿ. ಇದು ಯಾರ ಹೇಳಿಕೊಟ್ರು?”

ಹುಡುಗಿ ನನ್ನ ಕಡೆ ನೋಡಿದಳು. ನಾನು ಬೇಳೆ ಕಡೆ ನೋಡಿದೆ.

“ಶಾಂತಾಬಾಯಿ, ನಮ್ಮ ಹುಡುಗಿನ್ನ ಕೆಡಸಲಕತ್ತೀರಿ ನೀವು” ಅಂದರು ಟೀಚರ್.

ನಮ್ಮ ಹುಡುಗಿ! ನನ್ನ ಮೈ ಉರಿದುಹೋಯಿತು. “ಯಾರ ಹುಡುಗಿರಿ?” ಅಂದೆ. ಅವರಿಗೆ ಅದು ಕೇಳಿಸಲೇ ಇಲ್ಲ. ಪಾಠದ ಹುಚ್ಚು ಹತ್ತಿದರೆ ಅವರಿಗೆ ಏನೂ ಕೇಳುತ್ತಿರಲಿಲ್ಲ.

“ನಿಮ್ಮ ಸೇರು ತರ್ರಿ. ಜ್ವಾಳ, ಕಡ್ಲಿನೂ ತರ್ರಿ.”

ತಂದೆ. ಸೇರಿಗೆ ಜೋಳ ತುಂಬಿ, ಅಂಗೈಯಿಂದ ಗೀರಿ ಸಮ ಮಾಡಿದರು. ಬುಟ್ಟಿಗೆ ಸುರಿದು ಕಡಲೆ ತುಂಬಿದರು, ಮತ್ತೆ ಗೀರಿದರು.

“ಎರಡೂ ಒಂದು ಸೇರು. ಹೌದಲ್ರಿ? ಎರಡರಾಗೂ ಕಾಳು ಅಷ್ಟೇ ಅವೇನು?”

ಕೈಯಲ್ಲಿ ಸೇರು ಹಿಡಿದೇ ಮುದುಕಿಯಾದೆ, ಇದನ್ನು ಯೋಚಿಸಿರಲಿಲ್ಲ. “ಜ್ವಾಳ ಸಣ್ಣದು. ಜ್ವಾಳದ ಕಾಳು ಜಾಸ್ತಿ” ಅಂದೆ.

“ಅಂದ್ರ ನಿಮ್ಮ ಸೇರು ಜಾಗಾ ಒಂದೇ ಹಿಡೀತು, ಎಣಿಕಿ ಒಂದೇ ಹಿಡೀಲಿಲ್ಲ. ಮೋಲ್ ಜಾಗಾ ನೋಡಂಗಿಲ್ರಿ. ತೂಕಾನೂ ಒಂದೇ ಇರಂಗಿಲ್ಲ. ಎಣಿಕಿ ಮಾತ್ರ ಒಂದೇ. ಖಾನಾವಳಿಗಿ ರೊಟ್ಟಿ ಹ್ಯಾಂಗ ಕೊಡ್ತೀರಿ?”

“ನೂರರ ಲೆಕ್ಕ.”

“ಹೋಳಿಗಿ?”

“ಅದೂ ನೂರರ ಲೆಕ್ಕಾನೇ.”

“ನೂರು ಹೋಳಿಗಿ, ನೂರು ರೊಟ್ಟಿ, ತೂಕ ಒಂದೇ ಏನ್ರಿ?”

“ಅದ್ಹ್ಯಾಂಗ ಆಗ್ತದ? ಹೂರಣ ತುಂಬಿದ್ದು ಭಾರ ಇರ್ತದ.”

“ಆದ್ರ ನೂರು?”

“ನೂರು ಅಂದ್ರ ನೂರು. ಅದಕ್ಕೇನು ಕೋಡು ಬರ್ತಾವೇನು?”

ಟೀಚರ್ ಜ್ಯೋತಿಯ ಕಡೆ ತಿರುಗಿದರು. “ಕೇಳಿದ್ರಿ? ಮೋಲ್ ಅಂಥದೇ ಒಂದು ನೂರು. ನೂರಕ್ಕಿಂತ ಭಾಳ ಭಾಳ ದೊಡ್ಡದು, ಅಷ್ಟೇ.”

“ಹಂಗಿದ್ರ ತೂಗೋದು ಯಾಕ್ರಿ? ಎಣಿಸಬೇಕಲ್ಲ?” ಅಂದಳು ಜ್ಯೋತಿ.

“ಕಣ್ಣಿಗಿ ಕಾಣಲಾರದ್ದು ಎಣಿಸೋರು ಯಾರು? ನೂರು ಕಡ್ಲಿ ಎಷ್ಟು ತೂಗ್ತಾವ ಅಂತ ಗೊತ್ತಿದ್ರ, ಚೀಲ ತೂಗಿದ್ರ ಸಾಕು, ಕಾಳು ಎಣಿಸಿದಂಗೇ. ಇಲ್ಲಿನೂ ಅದೇ. ಒಂದು ಮೋಲ್ ನೀರಿಗಿ ಹದಿನೆಂಟು ಗ್ರಾಂ. ಹದಿನೆಂಟು ಗ್ರಾಂ ತೂಗಿದ್ರಿ ಅಂದ್ರ ಒಂದು ಮೋಲ್ ಎಣಿಸಿದ್ರಿ.”

ಒಳಗಿನಿಂದ ಸಣ್ಣ ತಕ್ಕಡಿ ತಂದು ಹೊಸ್ತಿಲ ಮೇಲೆಯೇ ತೂಗಿ ಇಟ್ಟರು. ಬಟ್ಟಲ ತಳ ಮುಚ್ಚುವಷ್ಟು ನೀರು. ಮುಷ್ಟಿಯಷ್ಟು ಉಪ್ಪು, ಐವತ್ತೆಂಟು ಗ್ರಾಂ. ಡಬ್ಬಿ ತುಂಬುವಷ್ಟು ಸಕ್ಕರೆ, ಮುನ್ನೂರ ನಲವತ್ತೆರಡು ಗ್ರಾಂ. ಮೂರರಲ್ಲೂ ಎಣಿಕೆ ಒಂದೇ ಅಂದರು. ನಾನು ನಂಬಲಿಲ್ಲ.

“ಸಕ್ಕರಿ ಕಾಳು ಕಣ್ಣಿಗಿ ಕಾಣ್ತದಲ್ರಿ, ನಾನೇ ಎಣಿಸಿ ತೋರಸ್ತೇನಿ. ನೀರಿನ್ಯಾಗ ಕಾಳು ಎಲ್ಲದಾವು?”

“ಆ ಕಾಳಲ್ರಿ. ಆ ಒಂದು ಕಾಳಿನ ಒಳಗ ಕಾಣಲಾರದ ಅಣು ಲೆಕ್ಕ ಇಲ್ಲದಷ್ಟು ಇರ್ತಾವ. ನಾ ಎಣಿಸೋದು ಅವನ್ನ. ಅದಕ್ಕೇ ಎಲ್ಲಾರಿಗೂ ‘ಏನು’ ಅಂತ ಕೇಳ್ತೇನಿ. ಬರೇ ‘ಒಂದು ಮೋಲ್’ ಅಂತ ಬರದ್ರ ಯಾರಿಗಿ ತಿಳೀತದ? ಒಂಟಿ ಆಕ್ಸಿಜನ್ನೋ, ಜೋಡಿ ಆಕ್ಸಿಜನ್ನೋ? ನೀವು ನೂರು ಅಂದ್ರ ರೊಟ್ಟಿನೋ, ರೊಟ್ಟಿ ಜೋಡಿನೋ?”

ನನಗೆ ತಿಳಿಯಿತು. ತಿಳಿದದ್ದಕ್ಕೇ ಸಿಟ್ಟು ಬಂತು. ಸಿಟ್ಟಿಗೆ ಆ ಬಟ್ಟಲೆತ್ತಿ ನೀರು ಕುಡಿದುಬಿಟ್ಟೆ. ಗಂಟಲಿಗೂ ಸಾಲಲಿಲ್ಲ.

“ಏನು ಕುಡದ್ರಿ?” ಅಂದರು ಟೀಚರ್.

“ಒಂದು ಗುಟುಕು ನೀರು.”

“ಎಷ್ಟು ಎಣಿಸಿ ಕುಡದ್ರಿ?”

ಜ್ಯೋತಿ ಮಧ್ಯೆ ಕೂಗಿದಳು, “ಒಂದು ಮೋಲ್! ಆಯಿ ಒಂದು ಮೋಲ್ ನೀರು ಕುಡದಳ್ರಿ! ಆರರ ಮುಂದ ಇಪ್ಪತ್ಮೂರು ಸೊನ್ನಿ ಅಣು ಒಂದೇ ಗುಟುಕಿಗಿ!” ಹಾಗಂತ ಜಿಗಿದು ಹೋಗಿ ಟೀಚರ ಆ ಎಲುಬಿನ ಸೊಂಟವನ್ನು ಅಪ್ಪಿಕೊಂಡಳು. ರೊಟ್ಟಿ ನನ್ನವು, ಹೋಳಿಗೆ ನನ್ನವು, ಸೇರು ನನ್ನದು, ನೀರು ಇಳಿದದ್ದು ನನ್ನ ಗಂಟಲಲ್ಲಿ. ಅಪ್ಪುಗೆ ಅವರಿಗೆ.

ಟೀಚರ್ ಅವಳ ತಲೆಯ ಮೇಲೆ ಕೈಯಿಟ್ಟು “ನಡೀತದ” ಅಂದರು. ಆ ಒಂದು ಮಾತಿಗೆ ಹುಡುಗಿ ವಾರಗಟ್ಟಲೆ ನೆಲಕ್ಕೆ ಕಾಲು ಊರಲಿಲ್ಲ. ನಾನು ದಿನಾ ‘ನನ್ನ ಬಂಗಾರ, ನನ್ನ ಶಾಣ್ಯಾ’ ಅನ್ನುತ್ತೇನೆ, ಕಿವಿಯ ಮೇಲೆ ಕೂತ ನೊಣ ಓಡಿಸಿದಂತೆ ತಲೆ ಕೊಡವುತ್ತಾಳೆ.

ಪರೀಕ್ಷೆ ಮುಗಿಸಿ ಹುಡುಗಿ ತಾಯಿಯ ಹತ್ತಿರ ಹೋಗಿದ್ದಾಗ ಔರಾದದಲ್ಲಿ ಚರ್ಚಿನ ಹೆಂಗಸರ ಕೂಟವಿತ್ತು. ಊಟದ ರೊಟ್ಟಿ ನನ್ನವು. ಬುಟ್ಟಿ ಹೊತ್ತು ಬಸ್ಸಿಗೆ ಹತ್ತಿದರೆ ಟೀಚರ್ ಮೊದಲೇ ಕಿಟಕಿಯ ಹತ್ತಿರ ಕೂತಿದ್ದರು. ಬೇರೆ ಜಾಗವಿರಲಿಲ್ಲ, ಪಕ್ಕದಲ್ಲೇ ಕೂತೆ. ಕಂಡಕ್ಟರ್ ಬಂದ. ಈಗ ಹೆಂಗಸರಿಗೆ ಟಿಕೆಟು ಪುಕ್ಕಟೆ, ಆದರೂ ಕೇಳಿ ಹರಿಸಿಕೊಳ್ಳಬೇಕು.

ಟೀಚರ್ ನಮ್ಮಿಬ್ಬರದೂ ಸೇರಿಸಿ, “ಔರಾದಕ್ಕ ಎರಡು ಕೊಡ್ರಿ” ಅಂದರು.

ಕಂಡಕ್ಟರ್ ಮೆಷಿನ್ನಿನ ಮೇಲಿನ ಕೈ ತೆಗೆದು ಅಲ್ಲೇ ನಿಂತ. “ಎರಡು ಏನ್ರಿ, ಟೀಚರ್?”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅವನು ಇವರ ಹಳೇ ಹುಡುಗ. ಎಷ್ಟು ವರ್ಷದ ಸೇಡೋ ಏನೋ, ಹಲ್ಲು ಕಿರಿಯುತ್ತ ನಿಂತಿದ್ದ. ಟೀಚರ್ ಮುಖದ ಗೆರೆ ಅಲುಗಲಿಲ್ಲ.

“ಎರಡು ಮುದುಕ್ಯಾರು” ಅಂದರು. “ಒಂದು ದಪ್ಪ, ಒಂದು ತೆಳ್ಳಗ. ಎಣಿಕಿಗಿ ಒಂದು, ಒಂದು. ಹರಿರಿ ಟಿಕೆಟ್.”

ಔರಾದದಲ್ಲಿ ಇಳಿದರೆ ಚಹಾದ ಅಂಗಡಿಯವನು ಇವರ ಹುಡುಗ, ಔಷಧದ ಅಂಗಡಿಯವಳು ಇವರ ಹುಡುಗಿ, ದಾರಿಯಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿ ಕಾಲು ಮುಟ್ಟಿದವನೂ ಇವರ ಹುಡುಗನೇ. ನನಗೆ ನೋಡಿ ನೋಡಿ ಸಾಕಾಯಿತು. ಹೊಳ್ಳಿ ಬರುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ.

“ಇಷ್ಟ ಮಂದಿ ಮಕ್ಕಳು ಇದ್ದಾರಲ್ಲ ನಿಮಗ. ನಮ್ಮ ಜ್ಯೋತಿ ಒಬ್ಬಾಕಿ ಯಾಕ ಬೇಕ್ರಿ?”

ಟೀಚರ್ ಹೇಳಿದರು, “ನಿಮಗ ಒಬ್ಬಾಕಿ ಇದ್ರ ಸಾಕಾಗ್ತದಲ್ರಿ ಶಾಂತಾಬಾಯಿ. ನನಗ ಇಷ್ಟ ಮಂದಿ ಇದ್ರೂ ಸಾಲಂಗಿಲ್ಲ.”

ನಾನು ಬುಟ್ಟಿಯಲ್ಲಿ ಉಳಿದಿದ್ದ ರೊಟ್ಟಿ ಮುರಿದು ಅರ್ಧ ಅವರ ಕೈಗಿಟ್ಟೆ. ತಿಂದರು. ಚೆನ್ನಾಗಿದೆ ಅಂತ ಹೇಳಲಿಲ್ಲ.

ಫಲಿತಾಂಶ ಬಂದ ದಿನ ನಾನು ಒಲೆಯ ಮುಂದಿದ್ದೆ. ಪಕ್ಕದ ಮನೆಯ ಖೈರೂನ್‌ಬೀ ಗೋಡೆಯ ಮೇಲಿಂದ ಕೂಗಿದಳು, “ಮುಬಾರಕ್ ಹೋ ಆಯಿ! ಪೋರಿ ಪಾಸ್ ಆಗ್ಯಾಳಂತಲ್ಲ, ಮಿಠಾಯಿ ಎಲ್ಲಿ?” ಇವಳಿಗೆ ಹೇಗೆ ಗೊತ್ತಾಯಿತು ಅಂತ ಹೊರಗೆ ಬಂದು ನೋಡಿದರೆ, ಜ್ಯೋತಿ ಟೀಚರ ನಿಂಬೆ ಗಿಡದ ಕೆಳಗೆ ಫೋನು ಹಿಡಿದು ಕುಣಿಯುತ್ತಿದ್ದಾಳೆ. ನಮ್ಮ ಬಾಗಿಲು ದಾಟಿಕೊಂಡೇ ಅಲ್ಲಿಗೆ ಹೋಗಿರಬೇಕು, ಬೇರೆ ದಾರಿಯಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಹೊತ್ತಲಿ ಅಂತ ಬಿಟ್ಟೆ. ಆಮೇಲೆ ಹುಡುಗಿ ಬಂದು, “ಆಯಿ, ನಾ ಎಲ್ಲಿಗೂ ಹೋಗಂಗಿಲ್ಲ, ಬೀದರದಾಗೇ ಓದ್ತೇನಿ” ಅಂದಳು. ಆ ಮಾತನ್ನು ಮೊದಲು ಯಾರ ಮುಂದೆ ಹೇಳಿದಳು ಅಂತ ನಾನು ಕೇಳಲಿಲ್ಲ. ಗೊತ್ತಿತ್ತು.

ಜ್ಯೋತಿ ಫಾರ್ಮಸಿ ಸೇರಿದ ಮೇಲೂ ನಾನು ಮೊರ ಹಿಡಿದುಕೊಂಡು ಟೀಚರ ಹೊಸ್ತಿಲಿಗೆ ಹೋಗುತ್ತಿದ್ದೆ. ಹುಡುಗಿ ಕಾಲೇಜಿನಿಂದ ನೆಟ್ಟಗೆ ಅಲ್ಲಿಗೇ ಬರುತ್ತಾಳಲ್ಲ, ಕಾಯಬೇಕಲ್ಲ, ಅದಕ್ಕೆ. ಮುಂದಿನ ವರ್ಷ ಟೀಚರ್ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿಯಿತು. ಭಾಲ್ಕಿಯಲ್ಲಿದ್ದ ತಮ್ಮ ಬಂದು ತನ್ನ ಮನೆಗೆ ಕರೆದುಕೊಂಡು ಹೋದ. ಮತ್ತೆ ಅವರು ಏಳಲಿಲ್ಲ. ಭಾಲ್ಕಿಯಲ್ಲೇ ತೀರಿಕೊಂಡರು. ಮಣ್ಣಿಗೆ ಔರಾದದಿಂದ ಬಂದ ಮಂದಿಯೇ ಅಂಗಳ ತುಂಬಿತ್ತು, ನಾವಿಬ್ಬರೂ ಎಲ್ಲೋ ಹಿಂದೆ ನಿಂತಿದ್ದೆವು. ಅದನ್ನು ನಾನು ಕಡೇ ಭೇಟಿ ಅನ್ನುವುದಿಲ್ಲ. ಕಡೇ ಭೇಟಿ ಅಂದರೆ ಅದಕ್ಕೂ ಮೊದಲು, ಅವರು ಭಾಲ್ಕಿಯಲ್ಲಿ ಹಾಸಿಗೆ ಹಿಡಿದಿದ್ದಾಗ ಹೋಗಿದ್ದು.

ಅವತ್ತು ಜ್ಯೋತಿ ಬಸ್ಸಿನ ತುಂಬ ಒಂದೇ ಸಮನೆ ಮಾತಾಡಿದಳು. ಟೀಚರಿಗೆ ಅದು ಹೇಳಬೇಕು, ಇದು ತೋರಿಸಬೇಕು. ನಾನು ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಹಲ್ಲು ಕಚ್ಚಿ ಕೂತಿದ್ದೆ. ಮನೆಯೊಳಗೆ ಕಾಲಿಟ್ಟರೆ ಟೀಚರ್ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಅವರ ಪಕ್ಕಕ್ಕೆ, ಮಂಚದ ಮೇಲೆಯೇ, ಒಬ್ಬ ಹೊಸ ಹುಡುಗಿ. ತಮ್ಮನ ಸೊಸೆಯಂತೆ, ಮದುವೆಯಾದ ಮೇಲೆ ಬಿಟ್ಟಿದ್ದ ಪಿಯುಸಿಗೆ ಈಗ ಕೂತಿದ್ದಾಳಂತೆ. ಕೈತುಂಬ ಹಸಿರು ಬಳೆ. ದವಾಖಾನೆಯಿಂದ ಬರುವಾಗ ತಂದ ಖಾಲಿ ಸಲಾಯಿನ್ ಬಾಟಲಿ ಇಬ್ಬರ ನಡುವೆ ಇತ್ತು. ಲೀಟರು ನೀರಿಗೆ ಉಪ್ಪು ಎಷ್ಟು ಗ್ರಾಂ, ಅದು ಎಷ್ಟು ಮೋಲ್ ಅಂತ ಟೀಚರ್ ಕೇಳುತ್ತಿದ್ದರು, ಆಕೆ ಹೇಳುತ್ತಿದ್ದಳು.

“ಬರ್ರಿ, ಬರ್ರಿ” ಅಂದರು ನಮಗೆ. ದನಿ ಇಳಿದಿತ್ತು, ಮುಖ ಅರ್ಧವಾಗಿತ್ತು. ಆದರೂ ಆ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು ಹೇಳಿದರು, “ಇಕಿ ಭಾಳ ಶಾಣ್ಯಾ ಇದ್ದಾಳ್ರಿ. ಒಂದು ಸಲ ಹೇಳಿದ್ರ ಸಾಕು, ಹಿಡೀತಾಳ.”

ಶಾಣ್ಯಾ! ಎಸ್ತೇರ್ ಟೀಚರ ಬಾಯಲ್ಲಿ! ನಾನು ಜ್ಯೋತಿಯ ಕಡೆ ನೋಡಿದೆ. ಚೀಲದಿಂದ ಏನೋ ತೆಗೆಯಲು ಹೊರಟವಳು ಕೈಯನ್ನು ಹಾಗೇ ಒಳಗಿಟ್ಟುಕೊಂಡು ನಿಂತಿದ್ದಳು. ನಾನು ರೊಟ್ಟಿ ಬಿಚ್ಚಿದರೆ ಟೀಚರ್, “ಮೊದಲ ಇಕಿಗಿ ಕೊಡ್ರಿ. ಮುಂಜಾನಿಂದ ಓದಿ ದಣದಾಳ” ಅಂದರು. ಕೊಟ್ಟೆ. ಆಕೆ ತಿಂದಳು. ಬಳೆ ಗಲಗಲ ಅಂದವು. ಹೊರಡುವಾಗ ಟೀಚರ್ ನನ್ನ ಕೈ ಹಿಡಿದರು, ಹಿಡಿತದಲ್ಲಿ ಬಲವಿರಲಿಲ್ಲ. “ಮತ್ತ ಬರ್ರಿ” ಅಂದರು. “ನೋಡೋಣ್ರಿ” ಅಂದೆ. ನಮ್ಮಿಬ್ಬರ ನಡುವಿನ ಕಡೇ ಮಾತು ಅದೇ.

ಬಸ್ಸು ಭಾಲ್ಕಿ ಬಿಟ್ಟ ಮೇಲೆ ಜ್ಯೋತಿ ಕಿಟಕಿಯ ಕಡೆ ಮುಖ ಮಾಡಿಯೇ ಅಂದಳು, “ನನಗ ಸಲಾಯಿನ್ ಬಾಟಲಿ ತೋರಿಸೇ ಇಲ್ಲ. ತೋರಿಸಿದ್ರ ನಾನೂ ಒಂದೇ ಸಲಕ್ಕ ಹಿಡೀತಿದ್ದೆ.”

ನಾನು ರೊಟ್ಟಿ ಕಟ್ಟಿದ್ದ ಬಟ್ಟೆ ಮಡಿಚಿಕೊಂಡೆ.

“ನನಗ ಒಂದಿನಾನೂ ಮಂಚದ ಮ್ಯಾಲ ಕೂಡಿಸಿಲ್ಲ. ಶಾಣ್ಯಾ ಅಂತ, ಶಾಣ್ಯಾ! ಆಕಿ ಏನು ಹೇಳಿದಳು ಅಂಥಾದ್ದು? ಉಪ್ಪಿನ ಲೆಕ್ಕ ನಾ ನಿದ್ದಿಗಣ್ಣಾಗ ಮಾಡ್ತೇನಿ.”

ತಿರುಗಿ ಅವಳ ಮುಖ ನೋಡಿದೆ. ಮೂಗು ಅರಳಿ, ಕೆಳತುಟಿ ಮುಂದೆ ಬಂದು, ಕಣ್ಣು ಸಣ್ಣದಾಗಿ ಉರಿಯುತ್ತಿತ್ತು. ಬಣ್ಣ ಅವಳ ಅಪ್ಪನದು, ಗಲ್ಲ ನನ್ನ ಮಗಳದು ಅಂತ ಎಲ್ಲರೂ ಹೇಳುತ್ತಾರೆ. ಈ ಮುಖ ಮಾತ್ರ ನನ್ನದು. ಕಹಿ ಚಹಾ ಟೀಚರಿಂದ ಬಂತು, ಲೆಕ್ಕ ಟೀಚರಿಂದ ಬಂತು, ಫಾರ್ಮಸಿ ಟೀಚರಿಂದ ಬಂತು. ಈ ಉರಿ ಅವರು ಕಲಿಸಿದ್ದಲ್ಲ. ನಮ್ಮ ಮನೆ ಬಿಟ್ಟು ಬೇರೆಲ್ಲೂ ಇದು ಇಷ್ಟು ಗಟ್ಟಿಯಾಗಿ ಸಿಗುವುದಿಲ್ಲ. ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ.

“ಆಕಿ ರೊಟ್ಟಿ ತಿನ್ನೂದು ನೋಡಿದೇನು?” ಅಂದೆ. “ಆಕಳ ಮೇದಂಗ.”

“ಬಳಿ ನೋಡಿದೇನು ಆಯಿ? ಬರೀವಾಗ ಒಂದೇ ಸವನ ಸಪ್ಪಳ.”

“ಶಾಣ್ಯಾಳ ಮುಖ ಅದೇನು? ಹಂಗೇ ಕುಂತಿದ್ದಳು, ಉಬ್ಬಿ.”

ಬೀದರ ಬರುವ ತನಕ ಇಬ್ಬರೂ ಸೇರಿ ಆ ಹುಡುಗಿಯನ್ನು ಬೈದೆವು.